ಒಂದು ಕಣ್ಣಿನ ಗಣಪತಿ

ಸೊರಬದಲ್ಲಿ ಶಿಕಾರಿಪುರದ ಬಸ್ಸು ಕೆಟ್ಟು ನಿಂತಿತ್ತು. ಕಾಯುವ ಬೇಸರಕ್ಕೆ ಎದುರಿನ ಹೆಂಚಿನ ಮನೆಯ ಪಡಸಾಲೆಗೆ ಹೋದೆ. ಮೂವರು ಕಸಬುದಾರರು ಅದನ್ನು ಹಂಚಿಕೊಂಡಿದ್ದರು: ಗಂಧ ಕೆತ್ತುವ ಗುಡಿಗಾರ ಅಜ್ಜ, ಮದ್ದಲೆ ಮಾಡುವವನು, ಬೋರ್ಡು ಬರೆಯುವವನು. ಮೂವರ ಬಾಯಲ್ಲೂ ಬೀಡಿ. ನಡುವೆ ಗಂಧದ ಗಣಪತಿ, ಎರಡು ಕಣ್ಣು ಬಿಟ್ಟು ಎಲ್ಲ ಮುಗಿದು ಕುಳಿತಿದ್ದ.

"ಕಣ್ಣು ತೆರೆಸೋದು ಕೊನೆಗೇ ರೀ," ಎಂದ ಅಜ್ಜ. "ತೆರೆಸಿದ ಮೇಲೆ ದೇವರು. ಎದುರಿಗೆ ಬೀಡಿ ಸೇದಂಗಿಲ್ಲ."

"ಅದಕ್ಕೇ ಒಂದು ತಿಂಗ್ಳಿಂದ ನಾವು ತೆರೆಸೋಕೆ ಬಿಟ್ಟಿಲ್ಲ," ಎಂದ ಬೋರ್ಡಿನವನು.

ಅಷ್ಟರಲ್ಲಿ ಗಣಪತಿ ಮಾಡಲು ಹೇಳಿದ್ದ ಜಡೆ ಊರಿನ ಗೌಡರು ಬೀಡಿ ಸೇದುತ್ತಲೇ ಒಳಬಂದರು. "ಇವತ್ತು ಕಣ್ಣು ತೆರೆಸದಿದ್ರೆ ನಾನು ಇಲ್ಲಿಂದ ಏಳಲ್ಲ," ಎಂದು ಕುಳಿತೇಬಿಟ್ಟರು.

ಮೂರೂ ಬೀಡಿ ಆರಿದವು. ಗೌಡರೂ ತಮ್ಮದನ್ನು ಅಂಗಳಕ್ಕೆ ಎಸೆದರು. ಅಜ್ಜ ಕೈಮುಗಿದು, ಸಣ್ಣ ಉಳಿಯಿಂದ ಬಲಗಣ್ಣು ತೆರೆಸಿದ. ಎಲ್ಲರೂ ನಮಸ್ಕರಿಸಿದೆವು. ಆಮೇಲೆ ಅಜ್ಜ ಉಳಿ ಕೆಳಗಿಟ್ಟು, ಮೆಲ್ಲಗೆ ಗಣಪತಿಯ ಎಡಕ್ಕೆ ಸರಿದು ಬೆಂಕಿಕಡ್ಡಿ ಗೀರಿದ.

"ಏನಜ್ಜ ಇದು!" ಎಂದರು ಗೌಡರು.

"ಈ ಕಡೆ ಅವನಿಗೆ ಇನ್ನೂ ಕಾಣ್ಸಲ್ಲ ಗೌಡ್ರೆ."

ಉಳಿದಿಬ್ಬರೂ ಮಣೆ ಎಳೆದುಕೊಂಡು ಆ ಕಡೆಗೇ ಬಂದರು. ಗೌಡರು ಒಂದು ಗಳಿಗೆ ಗಣಪತಿಯ ಮುಖ ನೋಡಿದರು. ನಂತರ ತಾವೂ ಎಡಕ್ಕೆ ಹೋಗಿ ಅಜ್ಜನ ಮುಂದೆ ಕೈಚಾಚಿದರು.