ಸೋಫಾದ ಹಿಂದಿನ ಶ್ರುತಿ

ಅಕ್ಟೋಬರ್‌ನ ಮೊದಲ ಚಳಿಗೆ ಮನೆಯ ಹೀಟಿಂಗ್ ಹಾಕಿದಾಗ ಬೇಸಿಗೆಯಿಡೀ ಕೂತಿದ್ದ ಧೂಳು ಸುಡುವ ವಾಸನೆ ಬರುತ್ತದೆ. ಸ್ವಲ್ಪ ಹೊತ್ತಿಗೆ ಹೋಗಿಬಿಡುತ್ತದೆ. ಇವತ್ತು ಬೆಳಿಗ್ಗೆ ಆ ವಾಸನೆ ಬಂದಾಗ, ಡೆಟ್ರಾಯಿಟ್ ಹತ್ತಿರದ ಫಾರ್ಮಿಂಗ್ಟನ್ ಹಿಲ್ಸ್‌ನ ನನ್ನ ಅಡುಗೆಮನೆಯಲ್ಲಿ ಒಗ್ಗರಣೆಗೆ ನಿಂತಿದ್ದವಳು ಒಲೆ ಆರಿಸಿ ಕೂತುಬಿಟ್ಟೆ. ಹಳೆಯ ಆಂಪ್ಲಿಫೈಯರ್ ಬಿಸಿಯಾದಾಗಲೂ ಇದೇ ವಾಸನೆ. ಎಪ್ಪತ್ತರ ದಶಕದ ಕೊನೆಯಲ್ಲಿ, ಸ್ಟರ್ಲಿಂಗ್ ಹೈಟ್ಸ್‌ನ ಒಂದು ಮನೆಯ ಹಾಲಿನಲ್ಲಿ, ಸೋಫಾದ ಹಿಂದಿನಿಂದ ಅದು ಬಂದಿತ್ತು...

ಆ ಮನೆಯ ಯಜಮಾನರನ್ನು ನಾನು ಅಂಕಲ್ ಎನ್ನುತ್ತಿದ್ದೆ. ಈ ವರ್ಷದ ಆರಂಭದಲ್ಲಿ ತೀರಿಕೊಂಡರು. ಇಲ್ಲಿಯ ಕನ್ನಡ ಕೂಟದವರು ಅವರ ನೆನಪಿಗೆ ಎರಡು ಮಾತು ಬರೆದುಕೊಡಿ ಎಂದು ಕೇಳಿದ್ದಾರೆ. ಒಳ್ಳೆಯದನ್ನು ಮೊದಲು ಬರೆಯುತ್ತೇನೆ, ಅದು ನಿಜವಾದ್ದರಿಂದ.

ಅವರು ಅರವತ್ತರ ದಶಕದ ಕೊನೆಗೇ ಅಮೆರಿಕಕ್ಕೆ ಬಂದವರು. ಕಾರು ತಯಾರಿಸುವ ಕಾರ್ಖಾನೆಯೊಂದರಲ್ಲಿ, ತಗಡನ್ನು ಒತ್ತಿ ಬಾಗಿಲು ಬಾನೆಟ್ ಮಾಡುವ ಪ್ರೆಸ್ ಶಾಪಿನಲ್ಲಿ ಎಂಜಿನಿಯರ್. ನಾನು ಮದುವೆಯಾಗಿ ಬಂದಾಗ ನಮಗೆ ಅಪಾರ್ಟ್‌ಮೆಂಟ್ ಹುಡುಕಿಕೊಟ್ಟವರು ಅವರು. ನನಗೆ ಡ್ರೈವಿಂಗ್ ಕಲಿಸಿದವರೂ ಅವರೇ. ಹೆದ್ದಾರಿಗೆ ಕರೆದುಕೊಂಡು ಹೋಗಿ, ವೇಗವನ್ನು ಐವತ್ತೈದು ಮೈಲಿಗೆ ತರಿಸಿ, "ಅಲ್ಲೇ ಹಿಡ್ಕೊಮ್ಮಾ, ಕಾಲು ಅಲ್ಲಾಡಿಸ್ಬೇಡ. ಕೇಳಿಸ್ತಾ? ಇದೇ ನೋಡು ನನ್ನ ಷಡ್ಜ" ಎನ್ನುತ್ತಿದ್ದರು. ಎಂಜಿನ್ನಿನ ಮೊರೆತವನ್ನೇ ಶ್ರುತಿ ಮಾಡಿಕೊಂಡು ದೇವರನಾಮ ಹಾಡುವರು. ಎಕ್ಸಿಟ್ ಬಂದು ನಾನು ವೇಗ ಇಳಿಸಿದರೆ, "ಥೂ, ಕೆಡಿಸಿದೆ" ಎಂದು ನಗುವರು.

ಶನಿವಾರ ಸಂಜೆ ಅವರ ಮನೆಯಲ್ಲಿ ಭಜನೆ. ದೂರದ ಪ್ಲಿಮತ್ ಕಡೆಯಿಂದಲೂ ಜನ ಡ್ರೈವ್ ಮಾಡಿಕೊಂಡು ಬರುತ್ತಿದ್ದರು. ಆಗ ಇಲ್ಲಿ ತಂಬೂರಿ ಎಲ್ಲಿಂದ ಬರಬೇಕು? ಮೈಸೂರಿನಿಂದ ತಂದ ಮರದ ಶ್ರುತಿಪೆಟ್ಟಿಗೆಯೊಂದಿತ್ತು. ಅದರ ತಿದಿ ಒತ್ತುವ ಕೆಲಸ ಅಂಕಲ್‌ರ ಒಬ್ಬಳೇ ಮಗಳದು. ಹೈಸ್ಕೂಲಿನ ಹುಡುಗಿ. ಒತ್ತುವವರು ಹಾಡಬಾರದು ಎನ್ನುವುದು ಅಂಕಲ್ ಮಾಡಿದ ಕಟ್ಟಳೆ. ಹಾಡಿದರೆ ಉಸಿರಿನ ಜೊತೆ ಕೈಯೂ ಏರಿಳಿದು ಶ್ರುತಿ ಅಲುಗಾಡುತ್ತದಂತೆ. ಹೀಗಾಗಿ ಎಲ್ಲರ ಮಕ್ಕಳೂ ಒಂದೊಂದು ಹಾಡು ಹೇಳುತ್ತಿದ್ದ ಆ ಮನೆಯಲ್ಲಿ, ಆ ಮನೆಯ ಹುಡುಗಿಗೆ ಮಾತ್ರ ಹಾಡು ಇರಲಿಲ್ಲ. ಅವಳು ತುಟಿ ಆಡಿಸುತ್ತಾ ದನಿಯಿಲ್ಲದೆ ಹಾಡಿಕೊಳ್ಳುವುದನ್ನು ನಾನು ಎಷ್ಟೋ ಸಲ ನೋಡಿದ್ದೆ.

ಅವಳ ಕೋಣೆಯಲ್ಲಿ ಜರ್ಮನಿಯ ನಾಲ್ವರ ಬ್ಯಾಂಡೊಂದರ ರೆಕಾರ್ಡಿತ್ತು. ಗಿಟಾರ್ ಹಿಡಿದು ಕೂದಲು ಕೆದರಿಕೊಂಡವರ ಕಾಲದಲ್ಲಿ ಇವರು ಟೈ ಕಟ್ಟಿ ಬ್ಯಾಂಕಿನ ಗುಮಾಸ್ತರ ಹಾಗೆ ನಿಲ್ಲುವವರು. ರೆಕಾರ್ಡಿನ ಒಂದು ಮಗ್ಗುಲಿಡೀ ಹೆದ್ದಾರಿಯಲ್ಲಿ ಕಾರು ಓಡುವ ಒಂದೇ ಹಾಡು. ಬಾಗಿಲು ಹಾಕುವುದು, ಹಾರ್ನ್, ಆಮೇಲೆ ನಿಲ್ಲದ ಮೊರೆತ. ಇಲ್ಲಿಯ ರೇಡಿಯೋದಲ್ಲೂ ಬರುತ್ತಿತ್ತು. "ಮೊದಲು ಕೊಳಲು ನುಡಿಸ್ತಿದ್ರಂತೆ ಆಂಟಿ. ದೇ ಗೇವ್ ಇಟ್ ಅಪ್. ಈಗ ಎಲ್ಲಾ ಕರೆಂಟ್. ದೇ ಬಿಲ್ಡ್ ಇಟ್ ದೆಮ್‌ಸೆಲ್ವ್ಸ್!" ಎಂದು ಕಣ್ಣರಳಿಸಿ ಹೇಳಿದ್ದಳು. ನನಗೆ ಆ ಸಂಗೀತ ಹಿಡಿಸಲಿಲ್ಲ. ಆದರೆ ಅದರ ಅಡಿಯಲ್ಲಿ ಒಂದು ಸ್ವರ ಬಿಡದೆ ನಿಂತಿರುವುದು ಕೇಳಿತು. ಅವಳಿಗೂ ಅದೇ ಕೇಳಿತ್ತು.

ನನ್ನ ಕಾರಿನಲ್ಲೇ ರೇಡಿಯೋ ಸಾಮಾನಿನ ಅಂಗಡಿಗೆ ಹೋಗಿ ಬಂದೆವು. ಶಾಲೆಯ ಎಲೆಕ್ಟ್ರಾನಿಕ್ಸ್ ಕ್ಲಾಸಿನಲ್ಲಿ ಕಲಿತದ್ದನ್ನು ಹಿಡಿದು ಅವಳು ಮೂರು ಸ್ವರ ಹೊರಡಿಸುವ ಒಂದು ಡಬ್ಬಿ ಮಾಡಿದಳು. ಷಡ್ಜ, ಪಂಚಮ, ಮೇಲಿನ ಷಡ್ಜ. ಶ್ರುತಿಪೆಟ್ಟಿಗೆಗೆ ಕಿವಿಯಿಟ್ಟು ಒಂದೊಂದನ್ನೇ ತಿರುವಿ ಕೂಡಿಸಿದಳು. "ಇದು ತಾನೇ ನುಡಿಯುತ್ತೆ ಆಂಟಿ. ಇನ್ಮೇಲೆ ನಾನು ಹಾಡ್ಬಹುದು, ಅಲ್ವಾ?" ಎಂದಳು.

ಆ ಶನಿವಾರ ಡಬ್ಬಿ, ಆಂಪ್ಲಿಫೈಯರ್ ಎಲ್ಲ ಸೋಫಾದ ಹಿಂದೆ. ಸ್ಪೀಕರ್ ಮಾತ್ರ ದೇವರ ಪಕ್ಕದಲ್ಲಿ. ಅವಳ ಅಮ್ಮ ಇದು ಮೈಸೂರಿನಿಂದ ಬಂದ ತಂಬೂರಿಯ ಟೇಪು ಎಂದುಕೊಂಡು, ವಾದ್ಯಕ್ಕೆ ಇಡುವ ಹಾಗೆ ಸ್ಪೀಕರಿಗೆ ಅರಿಸಿನ ಕುಂಕುಮ ಇಟ್ಟು ಹೂವೇರಿಸಿದರು. ಹುಡುಗಿ ತಿದ್ದಲಿಲ್ಲ, ನನ್ನ ಕಡೆ ನೋಡಿ ತುಟಿ ಕಚ್ಚಿಕೊಂಡಳು. ಅಂಕಲ್ ಕಣ್ಣು ಮುಚ್ಚಿ ಕೂತರು. ಅಷ್ಟು ಚೆನ್ನಾಗಿ ಅವರು ಹಾಡಿದ್ದನ್ನು ನಾನು ಮುಂದೆಂದೂ ಕೇಳಲಿಲ್ಲ. "ಆಹಾ, ಏನು ನಾದ ರೀ! ಯಾರ ಕೈ ಇದು?" ಎಂದು ತಲೆದೂಗಿದರು.

ಅಷ್ಟರಲ್ಲಿ ಹುಡುಗಿ ತಾನೇ ಒಂದು ಹಾಡು ಶುರುಮಾಡಿದ್ದಳು. ಒಂದು ಪಲ್ಲವಿ ಮುಗಿದು ಚರಣಕ್ಕೆ ಹೋಗಿದ್ದಳು. ಅಂಕಲ್ ಕಣ್ಣು ತೆರೆದು ಅವಳ ಕೈ ನೋಡಿದರು. ಪೆಟ್ಟಿಗೆಯ ಮೇಲೆ ಕೈ ಇರಲಿಲ್ಲ.

"ನಿಲ್ಸು. ಇದನ್ನ ಯಾರು ನುಡಿಸ್ತಿರೋದು?"

"ನೋಬಡಿ, ಅಪ್ಪಾ. ಇಟ್ಸ್ ಜಸ್ಟ್ ಕರೆಂಟ್. ಐ ಮೇಡ್ ಇಟ್." ಹೆಮ್ಮೆಯಿಂದಲೇ ಹೇಳಿದಳು. ಹೇಗೆ ಹೊಳೆಯಿತೆಂದು ಕೇಳಿದ್ದಕ್ಕೆ ಜರ್ಮನಿಯವರ ವಿಷಯವನ್ನೂ ಹೇಳಿದಳು. ಕೊಳಲಿನ ವಿಷಯವನ್ನೂ.

ಅಂಕಲ್ ಕೂಗಾಡಲಿಲ್ಲ. ಆ ರೆಕಾರ್ಡ್ ತರಿಸಿದರು. "ಹಾಕು. ನಿನ್ನ ಗುರುಗಳು ಯಾರು ಅಂತ ಎಲ್ರಿಗೂ ಗೊತ್ತಾಗ್ಲಿ." ಅವಳ ಕೈಯಿಂದಲೇ ಹಾಕಿಸಿದರು. ದೇವರ ಮುಂದೆ ದೀಪ ಉರಿಯುತ್ತಿದ್ದಂತೆಯೇ ಆ ಕಾರು ಹೊರಟಿತು. ಧಾರವಾಡದ ಡಾಕ್ಟರೊಬ್ಬರು, "ಏನ್ ಒದರ್ತಾವಪಾ ಇವು, ಹೊಟ್ಟಿ ನೂಸಾಕತ್ತೈತೇನ ಅವಕ್ಕ?" ಎಂದರು. "ವ್ಯಾಕ್ಯೂಮ್ ಕ್ಲೀನರ್‌ಗೆ ಜ್ವರ ಬಂದಂಗಿದೆ ಬಿಡಿ" ಎಂದು ಇನ್ನೊಬ್ಬರು. ಹಾಲಿನ ತುಂಬ ನಗು. ಹುಡುಗಿ ನಿಂತೇ ಇದ್ದಳು. ಮಗ್ಗುಲು ಮುಗಿಯುವವರೆಗೂ ಕೂರಲು ಬಿಡಲಿಲ್ಲ.

"ದಿನಾ ಪ್ರೆಸ್ ಶಾಪಲ್ಲಿ ಕಿವಿ ಹರಿಯೋ ಹಾಗೆ ಕೇಳಿ ಬರ್ತೀನಿ" ಎಂದರು ಅಂಕಲ್. "ಅದನ್ನ ನನ್ನ ದೇವರ ಮುಂದೆ ತಂದಿಟ್ಟಿದ್ದೀಯ. ಕೊಳಲು ಬಿಸಾಕಿದ ಜನ ನಿನಗೆ ಸಂಗೀತ ಹೇಳ್ಕೊಡ್ತಾರಾ?"

"ಅಂಕಲ್, ಹಾಡು ಅರ್ಧಕ್ಕೆ ನಿಂತಿದೆ. ಅದನ್ನಾದ್ರೂ ಮುಗಿಸ್ಲಿ" ಎಂದೆ.

"ನೀನು ಸುಮ್ನಿರಮ್ಮ. ಡ್ರೈವಿಂಗ್ ಕಲಿಸ್ದೆ, ಬುದ್ಧಿ ಕಲಿಸೋಕಾಗ್ಲಿಲ್ಲ."

ಕರ್ಚೀಫಿನಿಂದ ಸ್ಪೀಕರಿನ ಕುಂಕುಮ ಒರೆಸಿದರು. ಸೋಫಾದ ಹಿಂದೆ ಬಗ್ಗಿ, ಡಬ್ಬಿಯ ವೈರನ್ನು ಅಡುಗೆಮನೆಯ ಕತ್ತರಿಯಿಂದ ಕತ್ತರಿಸಿದರು. ಅವಳ ಅಮ್ಮ ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಆಮೇಲೆ ಅಂಕಲ್ ಶ್ರುತಿಪೆಟ್ಟಿಗೆಯನ್ನು ಮಗಳ ಮುಂದೆ ತಳ್ಳಿ, "ಒತ್ತು. ಮಂಗಳ ಹಾಡ್ಬೇಕು" ಎಂದರು. ಅವಳು ಒತ್ತಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ತುಟಿ ಆಡುತ್ತಿರಲಿಲ್ಲ.

ಅವಳು ಶಿಕಾಗೋಗೆ ಕಾಲೇಜಿಗೆ ಹೋದವಳು ಅಲ್ಲೇ ಉಳಿದಳು. ಆ ಜರ್ಮನಿಯವರು ಅಷ್ಟು ಹೊತ್ತಿಗೆ ರೋಬೋಟುಗಳ ಹಾಗೆ ವೇಷ ಹಾಕಿ ನಿಂತು ಹಾಡುತ್ತಿದ್ದರು. ನಮ್ಮ ಜನರಲ್ಲಿ ನಗೆಯಾಡಿದವರೇ ಹೆಚ್ಚು. ಡೆಟ್ರಾಯಿಟ್‌ನ ಕಪ್ಪು ಹುಡುಗರು ನಗಲಿಲ್ಲ. ಅವರು ಆ ಲಯ ಹಿಡಿದು ಕುಣಿದರು, ಮುಂದೆ ತಮ್ಮದೇ ಒಂದು ಸಂಗೀತ ಕಟ್ಟಿದರು. ಶಿಕಾಗೋದ ಡಾನ್ಸ್ ಹಾಲುಗಳಲ್ಲೂ ಅದೇ ಆಯಿತು. ಅಂಥ ಕಡೆಗಳಲ್ಲಿ ಸ್ಪೀಕರ್, ವೈರು, ದನಿ ಸರಿಪಡಿಸುವ ಕೆಲಸ ಅವಳಿಗೆ ಸಿಕ್ಕಿತು. ಹಬ್ಬಕ್ಕೆ ಬಂದರೂ ಶನಿವಾರ ತಪ್ಪಿಸಿ ಬರುತ್ತಿದ್ದಳು.

ಕೆಲವು ವರ್ಷಗಳ ಮೇಲೆ ಅಂಕಲ್ ಊರಿಗೆ ಹೋದವರು ಬೆಂಗಳೂರಿನಿಂದ ಕರೆಂಟಿನ ಶ್ರುತಿಪೆಟ್ಟಿಗೆಯೊಂದನ್ನು ತಂದರು. ಆಗ ಅದು ಹೊಸದು. ದೇವರ ಮುಂದಿಟ್ಟು ತಾವೇ ಕುಂಕುಮ ಹಚ್ಚಿ, "ನೋಡಿ, ನಮ್ಮ ಬೆಂಗಳೂರಿನವರ ತಲೆ! ಇನ್ಮೇಲೆ ಯಾರೂ ಒತ್ತೋದು ಬೇಡ, ಎಲ್ರೂ ಹಾಡಿ" ಎಂದರು. ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು ಹತ್ತಿರ ಹೋಗಿ, "ಇದನ್ನೇ ಅಲ್ವಾ ಅಂಕಲ್ ಅವಳು ಮಾಡಿದ್ದು?" ಎಂದೆ.

"ಅದು ಬೇರೆ. ಇದು ಬೇರೆ" ಎಂದರು. ನನ್ನ ಮುಖ ನೋಡದೆಯೇ ಅದರ ತಿರುಪು ತಿರುಗಿಸಿ ತಮ್ಮ ಷಡ್ಜ ಹುಡುಕತೊಡಗಿದರು. ಆ ಮನೆಯ ಭಜನೆಗೆ ನಾನು ಮತ್ತೆ ಹೋಗಲಿಲ್ಲ. ದಾರಿಯಲ್ಲಿ ಸಿಕ್ಕರೆ ಮಾತಾಡಿಸುತ್ತಿದ್ದೆ, ಅಷ್ಟೇ.

ಅವರ ಕ್ರಿಯೆಗೆ ಅವಳು ಬಂದಿದ್ದಳು. ಅವಳಿಗೂ ಈಗ ವಯಸ್ಸಾಗಿದೆ. ಯಾರೋ ಅವಳಿಗೇ, "ಅಪ್ಪನ ನೆನಪಿಗೆ ಒಂದು ದೇವರನಾಮ ಹೇಳಮ್ಮ" ಎಂದರು. "ಐ ಡೋಂಟ್ ಸಿಂಗ್. ಐ ಡು ಸೌಂಡ್" ಎಂದು ಮೈಕು ತಂದು ಬೇರೆಯವರ ಮುಂದೆ ಸರಿಯಾಗಿ ನಿಲ್ಲಿಸಿ ಹಿಂದೆ ಹೋಗಿ ಕೂತಳು.

ಮನೆ ಬೆಚ್ಚಗಾಗಿದೆ, ವಾಸನೆ ಹೋಗಿ ಬಹಳ ಹೊತ್ತಾಯಿತು. ಅಂಕಲ್ ಒಳ್ಳೆಯ ಹಾಡುಗಾರರು, ಸಹಾಯ ಮಾಡಿದವರು. ನಾನು ಅವರನ್ನು ಕ್ಷಮಿಸಿಲ್ಲ. ಆ ಶನಿವಾರದ ಒಂದು ಪಲ್ಲವಿ, ಅರ್ಧ ಚರಣ ಹೇಗಿತ್ತೆಂದು ಬೆಳಗಿನಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ. ಹಾಡು ಯಾವುದೆಂದು ಗೊತ್ತು, ಅವಳು ಉಟ್ಟಿದ್ದ ಲಂಗದ ಬಣ್ಣ ಗೊತ್ತು. ದನಿ ಬರುತ್ತಿಲ್ಲ. ಕಿವಿ ಕೊಟ್ಟು ಕೂತರೆ ಕೇಳುವುದು ಅಂಕಲ್‌ದೇ... "ನಿಲ್ಸು."