ವಿಗ್ ಅಂಗಡಿಯ ಲಾಸ್ಟ್ ಸೀನ್

ವಿಗ್ ಮಾಡುವವನಿಗೆ ಕೈಚಳಕಕ್ಕಿಂತ ಮೊದಲು ಬಾಯಿ ಬಿಗಿ ಇರಬೇಕು. ನಮ್ಮ ಬೀದಿಯ ವಿಗ್ಗಣ್ಣನಿಗೆ ಅದು ಹುಟ್ಟಿನಿಂದಲೇ ಬಂದಿತ್ತು. ಅಂಗಡಿಗೆ ಬೋರ್ಡಿಲ್ಲ, ಗಿರಾಕಿಗಳಿಗೆ ಹಿಂದಿನ ಬಾಗಿಲು. ದಾರಿಯಲ್ಲಿ ಎದುರಾದರೆ ಅವರನ್ನು ಗುರುತೇ ಹಿಡಿಯುವುದಿಲ್ಲ. ಸ್ವಂತ ಮಾವನೂ ಅವನ ಗಿರಾಕಿ. ಹೆಂಡತಿಗೆ ಇವತ್ತಿಗೂ ಗೊತ್ತಿಲ್ಲ.

ತಮ್ಮ ಪೂರ್ತಿ ಉಲ್ಟಾ. ಜೊತೆಯಲ್ಲೇ ಕೂತು ಕೂದಲು ಹೆಣೆಯುತ್ತಿದ್ದ ಆಸಾಮಿ, ಒಂದು ಮದುವೆಯಲ್ಲಿ ಎಲ್ಲರೆದುರು ಮದುಮಗನನ್ನೇ, "ಸಾರ್, ವಿಗ್ ಸರಿಯಾಗಿ ಕೂತಿದೆಯಾ?" ಎಂದು ಕೇಳಿದ. ಪ್ರೀತಿಯಿಂದಲೇ ಕೇಳಿದ್ದು, ಪಾಪ. ಮದುವೆ ಹೇಗೋ ನಡೆಯಿತು. ಅಣ್ಣತಮ್ಮಂದಿರ ಮಾತು ನಿಂತಿತು. ತಮ್ಮ ಬೇರೆ ಊರು ಸೇರಿದ.

ವರ್ಷಗಳೇ ಉರುಳಿದವು. ಆದರೆ ದಿನಾ ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ವಿಗ್ಗಣ್ಣ ಮೆಸೇಜ್ ಆಪಿನಲ್ಲಿ ತಮ್ಮನ ಹೆಸರು ಒತ್ತುತ್ತಿದ್ದ. ತಮ್ಮ ಆಪನ್ನು ಕೊನೆಯ ಸಲ ನೋಡಿದ ಹೊತ್ತು 'ಲಾಸ್ಟ್ ಸೀನ್' ಎಂದು ಕೆಳಗೆ ಕಾಣುತ್ತಿತ್ತು. ಸರಿ, ಪುಣ್ಯಾತ್ಮ ಎದ್ದಿದ್ದಾನೆ ಎಂದುಕೊಂಡು ಸೂಜಿ ಹಿಡಿಯುತ್ತಿದ್ದ.

ಅಷ್ಟರಲ್ಲಿ ಆ ಆಪನ್ನು ದೊಡ್ಡ ಕಂಪನಿಯೊಂದು ಕೊಂಡಿತು. ಗಿರಾಕಿಗಳ ನಿದ್ದೆ ಹಾರಿತು. ಬೋಳುತಲೆಯ ಫೋಟೋಗಳನ್ನೆಲ್ಲ ಅದರಲ್ಲೇ ಕಳಿಸಿದ್ದರಲ್ಲ! ಹಳೆಯ ಗಿರಾಕಿ ಹೆಡ್‌ಮಾಸ್ಟರು ಹಿಂದಿನ ಬಾಗಿಲಿನಿಂದ ಬಂದು ಕೂತೇಬಿಟ್ಟರು.

"ಗುಟ್ಟು ಕಾಯೋ ಬೇರೆ ಆಪ್ ಇದೆಯಂತೆ. ಎಲ್ರೂ ಅಲ್ಲಿಗೇ ಹೋಗೋಣ. ಹಳೇದನ್ನ ಅಕೌಂಟ್ ಸಮೇತ ತೆಗೆದುಬಿಡಿ. ನನ್ನೆದುರಿಗೇ."

"ಹೊಸದ್ರಲ್ಲಿ ಲಾಸ್ಟ್ ಸೀನ್ ಕಾಣುತ್ತಾ ಸಾರ್?"

"ಯಾರದ್ದೂ ಕಾಣಲ್ಲ. ಅದೇ ಅಲ್ವೇನ್ರೀ ಚಂದ!"

ಆ ಹೊತ್ತಿಗೆ ಹೆಂಡತಿ ಊಟದ ಡಬ್ಬಿ ತಂದಳು. ಹೆಡ್‌ಮಾಸ್ಟರು ಪರದೆಯ ಹಿಂದೆ ಸರಿದರು. ಇನ್ನು ತಮ್ಮನ ಲಾಸ್ಟ್ ಸೀನ್ ಕಾಣುವುದಿಲ್ಲವಂತೆ ಎಂದು ಗಂಡ ಹೇಳಿದ್ದೇ ತಡ, ಅವಳು ರೇಗಿದಳು.

"ನಿಮ್ಮ ತಮ್ಮನಿಗೆ ಒಂದು ಫೋನ್ ಮಾಡಿದ್ರೆ ಗಂಟೇನು ಹೋಗುತ್ತೆ?"

"ಅವನೇ ಮಾಡ್ಲಿ. ಬಾಯಿ ಇರೋದು ಅವನಿಗೆ ತಾನೇ?" ಎಂದವನೇ ವಿಗ್ಗಣ್ಣ ಗುಂಡಿ ಒತ್ತಿಬಿಟ್ಟ. ಹಳೆಯ ಅಕೌಂಟ್ ಹೋಯಿತು. ಪರದೆಯ ಹಿಂದಿನಿಂದ ಥ್ಯಾಂಕ್ಸ್ ಎಂಬ ದನಿ ಬಂತು.

ಮಾರನೆಯ ಬೆಳಿಗ್ಗೆ ಹೊಸ ಆಪ್ ತೆರೆದರೆ ಗಿರಾಕಿಗಳೆಲ್ಲ ಇದ್ದರು, ತಮ್ಮನ ಹೆಸರೇ ಇಲ್ಲ. ಎದ್ದನೋ ಬಿದ್ದನೋ ತಿಳಿಯುವ ಬಗೆಯೇ ಇಲ್ಲ. ಸೂಜಿ ಓಡಲಿಲ್ಲ. ಹೆಡ್‌ಮಾಸ್ಟರ ವಿಗ್ಗಿಗೆ ಬೈತಲೆ ತಪ್ಪು ಮಗ್ಗುಲಿಗೆ ಬಂತು.

ಆ ಬೈತಲೆ ಬಿಚ್ಚುತ್ತ ಕೂತಿದ್ದ ದಿನ ಫೋನ್ ಟಣ್ ಎಂದಿತು. ಹೊಸ ಆಪಿನಲ್ಲಿ ತಮ್ಮ.

"ಅಣ್ಣಾ, ಹಳೇದ್ರಲ್ಲಿ ನೀನು ಕಾಣ್ತಾನೇ ಇಲ್ಲ. ದಿನಾ ಬೆಳಿಗ್ಗೆ ನಿನ್ನ ಲಾಸ್ಟ್ ಸೀನ್ ನೋಡಿದ ಮೇಲೇ ನಾನು ಕೆಲ್ಸಕ್ಕೆ ಹೋಗ್ತಿದ್ದೆ. ಏನೋ ಆಗೋಯ್ತು ಅಂತ ಜೀವ ಬಾಯಿಗೆ ಬಂತು. ಇಲ್ಲಾದ್ರೂ ಇದ್ದೀಯಾ?"

ವಿಗ್ಗಣ್ಣನಿಗೆ ಕಣ್ಣು ತುಂಬಿ ಅಕ್ಷರ ಕಾಣದಾಯಿತು. ಫೋನೇ ಮಾಡಿದ.

"ಇದ್ದೀನಿ ಕಣೋ. ಅಂಗಡಿಗೆ ಬಾ."

ತಮ್ಮ ಕೇಳಿದ: "ಹಿಂದಿನ ಬಾಗಿಲಿಗೆ ಬರ್ಲಾ ಅಣ್ಣಾ?"

"ಮುಂದಿನಿಂದ್ಲೇ ಬಾರೋ. ನೀನೇನು ಗಿರಾಕೀನಾ?"