ಕಾಲೇಜಿಗೆ ಮನೆ ನೋಡುವ ಶಾಸ್ತ್ರ

ಫೆಬ್ರವರಿ ಒಂದು, ಭಾನುವಾರ, ಬೆಳಿಗ್ಗೆ ಏಳು ಇಪ್ಪತ್ತಕ್ಕೆ ಬರೆಯಲು ಕುಳಿತೆ. ಕುಳಿತೆ ಎನ್ನುವುದು ಪೂರ್ತಿ ನಿಜವಲ್ಲ. ಎರಡು ಸಾಲು ಬರೆದು ಎದ್ದು ಕಿಟಕಿಗೆ ಹೋಗುತ್ತೇನೆ, ಕೊಳಕೂರ ಹಳ್ಳಿಯ ಕಡೆಯ ಟಂಟಂ ಆಟೊ ಯಾವುದಾದರೂ ನಮ್ಮ ಓಣಿಯ ಮುಂದೆ ನಿಂತಿತೇ ಎಂದು ನೋಡುತ್ತೇನೆ, ಬಂದು ಮತ್ತೆರಡು ಸಾಲು ಬರೆಯುತ್ತೇನೆ. ಹೀಗೆ ಬರೆದದ್ದನ್ನು ಓದುವವರಿಗೂ ಕಾಲು ಒಂದು ಕಡೆ ನಿಲ್ಲದಂತೆ ಅನಿಸಿದರೆ ಸಹಿಸಿಕೊಳ್ಳಿ. ಒಬ್ಬ ಹುಡುಗಿ ಡಿಗ್ರಿಗೆ ಕಲಬುರಗಿಗೆ ಹೋಗಬೇಕೋ ಬೇಡವೋ ಎಂಬ ಮಾತು ಇವತ್ತು ನಾಳೆಯಲ್ಲಿ ಇತ್ಯರ್ಥವಾಗಬೇಕಿದೆ. ಅದನ್ನು ಕೆಡಿಸಿದವಳು ಬಹುಶಃ ನಾನೇ. ಕೆಡಿಸಲು ನಾನು ಮಾಡಿದ್ದಿಷ್ಟೇ: ಒಂದು ಕಪ್ ಚಹಾ ಕುಡಿದೆ.

ನಾನು ಜೇವರ್ಗಿಯ ಒಂದು ಪಿಯು ಕಾಲೇಜಿನಲ್ಲಿ ಗಣಿತದ ಅತಿಥಿ ಉಪನ್ಯಾಸಕಿ. ಹೆಸರಿಗೆ ತಕ್ಕಂತೆ ಜೂನ್‌ನಲ್ಲಿ ಬಂದು ಮಾರ್ಚ್‌ನಲ್ಲಿ ಹೊರಡುವ ಅತಿಥಿ. ಹುಟ್ಟಿದ್ದು ಆಳಂದ ತಾಲೂಕಿನ ಭೂಸನೂರಿನಲ್ಲಿ. ಹೋದ ವರ್ಷ ಅಫಜಲಪುರದಲ್ಲಿ ಪಾಠ ಮಾಡುತ್ತಿದ್ದೆ, ಈ ವರ್ಷ ಇಲ್ಲಿ. ಊರು ಬದಲಾದರೂ ಬದಲಾಗದ್ದು ಡೈರಿ ಬರೆಯುವ ಚಟ. ಯಾವ ದಿನ ಯಾವ ಪಾಠ, ಎಷ್ಟು ಜನ ಬಂದರು, ಎಷ್ಟು ಜನ ಆಕಳಿಸಿದರು, ಎಲ್ಲಕ್ಕೂ ನನ್ನಲ್ಲಿ ಒಂದೊಂದು ಕಾಲಂ ಇದೆ. "ಅಕ್ಕಾ, ನಿನ್ನ ಸಲುವಾಗಿ ಚಿತ್ರಗುಪ್ತಗ ರಜಾ ಕೊಡತಾರ ನೋಡು" ಎಂದು ನನ್ನ ತಮ್ಮ ಅಣಕಿಸುತ್ತಾನೆ.

ಇಂಥವಳ ಕೈಗೆ ಪ್ರಥಮ ಪಿಯು ಹುಡುಗರನ್ನು ಕೊಟ್ಟರೆ ಏನಾಗುತ್ತದೆ? ಶನಿವಾರದ ಕೊನೆಯ ಅವಧಿ ಮುಗಿದ ಮೇಲೆ ಒಂದು ತಾಸು ಅವರನ್ನು ಹಿಡಿದು ಕೂರಿಸಿ, ಪಿಯು ಆದ ಮೇಲೆ ಏನು, ಎಲ್ಲಿ, ಹೇಗೆ ಎಂದು ಕೇಳತೊಡಗಿದೆ. ಬಂದ ಉತ್ತರಗಳನ್ನು ಎಣಿಸಿದೆ. ಡಾಕ್ಟರು ಕೆಲವರು, ಪಿಎಸ್‌ಐ ಅದಕ್ಕಿಂತ ಹೆಚ್ಚು, ಮಿಲಿಟರಿ ಹಿಂದಿನ ಬೆಂಚಿನವರು. ಎಲ್ಲರನ್ನೂ ಮೀರಿಸಿದ ಉತ್ತರ ಒಂದೇ: "ನೋಡೋಣ್ರಿ."

ಈ "ನೋಡೋಣ್ರಿ" ನಮ್ಮ ಕಡೆ ಬಹಳ ದೊಡ್ಡ ಮಾತು. ಒಲ್ಲೆ ಎನ್ನುವವರೂ ಅದನ್ನೇ ಹೇಳುತ್ತಾರೆ, ಹೂಂ ಎನ್ನುವವರೂ ಅದನ್ನೇ ಹೇಳುತ್ತಾರೆ, ಅಪ್ಪನನ್ನು ಕೇಳಬೇಕು ಎನ್ನುವವರಂತೂ ಬೇರೆ ಮಾತೇ ಆಡುವುದಿಲ್ಲ. ಅಫಜಲಪುರದಲ್ಲಿ ಯಾವ ಕಾಲೇಜಿಗೆ ಸೇರುತ್ತೀರಿ ಎಂದು ಕೇಳಿದರೆ ಹುಡುಗರು ಮೊದಲು ಬಸ್ಸಿನ ಹೊತ್ತು ಹೇಳುತ್ತಿದ್ದರು. ಆಳಂದದ ಹುಡುಗರಿಗೆ ಸೊಲ್ಲಾಪುರದ ಬಸ್ಸು ಕಣ್ಣೆದುರು ಹೋಗುತ್ತದೆ, ಜೇವರ್ಗಿಯವರಿಗೆ ಕಲಬುರಗಿಯದು. ಬಸ್ಸು ಹೋದ ಕಡೆ ವಿದ್ಯೆ. ಇದನ್ನು ನೋಡಿ ಮೊದಮೊದಲು ನಗುತ್ತಿದ್ದೆ. ಆಮೇಲೆ ಒಂದು ಮಧ್ಯಾಹ್ನ, ನಾನೇಕೆ ಗಣಿತ ಓದಿದೆ ಎಂದು ಯೋಚಿಸಿದಾಗ ಭೂಸನೂರಿನ ಬಸ್ಸು ನಿಲ್ಲುವಲ್ಲಿ ಇದ್ದ ಕಾಲೇಜಿನಲ್ಲಿ ಗಣಿತವೊಂದಕ್ಕೇ ಸೀಟು ಉಳಿದಿತ್ತು ಎಂಬುದು ನೆನಪಾಯಿತು. ನಗು ಅಲ್ಲಿಗೆ ನಿಂತಿತು.

ನನ್ನ ಮುತ್ಯಾ, ಅಂದರೆ ಅಜ್ಜ, ಓದಿದ್ದು ನಿಜಾಮನ ಕಾಲದಲ್ಲಿ, ಉರ್ದುವಿನಲ್ಲಿ. ಪರೀಕ್ಷೆಗೆ ಕೊನೆಯತನಕ "ಇಮ್ತಿಹಾನ" ಎಂದೇ ಅನ್ನುತ್ತಿದ್ದರು. ಆಗ ಮಗನನ್ನು ಓದಿಸಬೇಕೆಂದರೆ ಒಂದು ಚೀಲ ಜೋಳದ ಸಮೇತ ಮಠದಲ್ಲಿ ಬಿಟ್ಟು ಬರುತ್ತಿದ್ದರಂತೆ. ಹುಡುಗರು ಬೆಳಿಗ್ಗೆ ಜೋಳಿಗೆ ಹಿಡಿದು ನಾಲ್ಕು ಮನೆ ತಿರುಗಿ ರೊಟ್ಟಿ ತಂದು, ಹಂಚಿಕೊಂಡು ತಿಂದು, ಮದರಸಾದಂಥ ಶಾಲೆಗೆ ಹೋಗುತ್ತಿದ್ದರು. ಇಂದಿಗೂ ನಾವು ಕೂಗುವ ಹಾಜರಿ, ಮಾಡಿಸುವ ದಾಖಲಾತಿ ಆ ದಿನಗಳಿಂದ ಉಳಿದುಬಂದ ಮಾತುಗಳು. ಯಾವ ಕಾಲೇಜು, ಯಾವ ವಿಷಯ ಎಂದು ಮುತ್ಯಾನನ್ನು ಯಾರೂ ಕೇಳಲಿಲ್ಲ. ಅವರು ನಿದ್ದೆಗೆಟ್ಟದ್ದೂ ಇಲ್ಲ. ಆರಿಸಿಕೊಳ್ಳುವುದು ಬಂದ ಮೇಲೆಯೇ ನಮಗೆಲ್ಲ ಈ ಚಡಪಡಿಕೆ ಬಂದದ್ದಿರಬೇಕು.

ಇರಲಿ. ನಾನು ಒಂದು ದೊಡ್ಡ ಬಿಳಿ ಹಾಳೆಯಲ್ಲಿ ತಿಂಗಳುವಾರು ಮಾಡಬೇಕಾದ ಕೆಲಸ ಬರೆದು ತರಗತಿಯ ಗೋಡೆಗೆ ಹಚ್ಚಿದೆ. ಜಾತಿ, ಆದಾಯದ ಪ್ರಮಾಣಪತ್ರ ಈಗಲೇ ಮಾಡಿಸಿ. ಕಲ್ಯಾಣ ಕರ್ನಾಟಕದ ಮೀಸಲಾತಿಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಆಧಾರಿನಲ್ಲಿರುವ ಹೆಸರನ್ನೂ ಅಂಕಪಟ್ಟಿಯ ಹೆಸರನ್ನೂ ಒಂದು ಮಾಡಿಕೊಳ್ಳಿ. ಸಿಇಟಿ ಬರೆಯುವವರು ರಜೆಯಿಂದಲೇ ಶುರು ಮಾಡಿ. ಕೊನೆಗೆ, ಸೇರಬೇಕೆಂದಿರುವ ಕಾಲೇಜನ್ನು ಒಂದು ಸಲ ಕಣ್ಣಾರೆ ನೋಡಿ ಬನ್ನಿ. ಮೊದಲಿನವನ್ನು ಯಾರೂ ಮಾಡಲಿಲ್ಲ. ಕೊನೆಯದನ್ನು ಒಂದೇ ಒಂದು ಮನೆಯವರು ಮಾಡಿದರು. ಅವರು ಮಾಡಿದ ರೀತಿಗೆ ನನ್ನ ಡೈರಿಯಲ್ಲಿ ಕಾಲಂ ಇರಲಿಲ್ಲ.

ಆ ಮನೆ ಕೊಳಕೂರಿನ ರೇಣುಕಾಳದು. ರೇಣುಕಾ ನನ್ನ ತರಗತಿಯಲ್ಲಿ ಲೆಕ್ಕವನ್ನು ನಾನು ಬೋರ್ಡಿನ ಮೇಲೆ ಮುಗಿಸುವ ಮೊದಲೇ ಮುಗಿಸಿ, ನಾನು ತಪ್ಪುತ್ತೇನೋ ಎಂದು ಕಾಯುವ ಹುಡುಗಿ. ಕಲಬುರಗಿಯ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಹಾಸ್ಟೆಲ್‌ನಲ್ಲಿದ್ದು ಬಿಎಸ್ಸಿ, ಆಮೇಲೆ ಬಿಎಡ್ ಮಾಡಬೇಕೆಂಬುದು ಅವಳ ಆಸೆ. ನನ್ನ ಹಾಗೆಯೇ ಪಾಠ ಮಾಡುತ್ತೀಯೇನು ಎಂದು ನಾನು ಹಿಗ್ಗಿ ಕೇಳಿದ್ದಕ್ಕೆ, "ನಿಮ್ಮಂಗಲ್ರಿ ಮೇಡಂ, ನಾ ಪರ್ಮನೆಂಟ್ ಆಗ್ತೇನಿ" ಎಂದಿದ್ದಳು.

ಅವರ ಮನೆಯಲ್ಲಿ ಓದು ಬೇಡ ಎನ್ನುವವರು ಯಾರೂ ಇಲ್ಲ. ತೊಗರಿ, ಹತ್ತಿ ಬೆಳೆಯುವ ನೆಮ್ಮದಿಯ ಮನೆ. ಅಪ್ಪ ಬಸಣ್ಣ ಮೆತ್ತಗಿನ ಮನುಷ್ಯ. ಆದರೆ ಆ ಮನೆಯ ಹೆಣ್ಣುಮಗಳು ಸಂಬಂಧಿಕರು ಇಲ್ಲದ ಊರಿನಲ್ಲಿ ಇದುವರೆಗೆ ಒಂದು ರಾತ್ರಿ ಕಳೆದದ್ದಿಲ್ಲ. ಕಲಬುರಗಿಯಲ್ಲಿ ಅವರಿಗೆ ಯಾರೂ ಇಲ್ಲ. ಕೊಳಕೂರಿನಿಂದ ದಿನಾ ಹೋಗಿ ಬರುವುದು ಆಗದ ಮಾತು. ಹಾಸ್ಟೆಲ್ಲು ಮನಸ್ಸಿಗೆ ಬಂದರೆ ಡಿಗ್ರಿ. ಬರದಿದ್ದರೆ ಪಿಯು ಮುಗಿಸಿ ಮನೆಯಲ್ಲಿ ಇರುವುದು, ಮುಂದಿನ ಮಾತು ಬೀಗರದು. ಅದು ಬರಬೇಕಾದದ್ದು ಬಸಣ್ಣನ ಮನಸ್ಸಿಗಲ್ಲ, ಅವನ ತಾಯಿಯ ಮನಸ್ಸಿಗೆ. ಇಡೀ ಓಣಿ ಅವರನ್ನು ಆಯಿ ಎಂದೇ ಕರೆಯುತ್ತದೆ.

ಎಳ್ಳ ಅಮಾವಾಸ್ಯೆಗೆ ಅವರ ಹೊಲಕ್ಕೆ ಊಟಕ್ಕೆ ಕರೆದಿದ್ದರು. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಬಡಿಸುತ್ತ ಬಸಣ್ಣ ಗೋಡೆಯ ಹಾಳೆಯ ಮಾತು ತೆಗೆದ. ಕಾಲೇಜು ಮೊದಲೇ ನೋಡಬೇಕೆಂದು ನೀವೇ ಬರೆದಿದ್ದೀರಂತೆ, ನಾವು ನೋಡುತ್ತೇವೆ, ನೀವೂ ಬರಬೇಕು ಎಂದ. ಇನ್ನೂ ಒಂದೂವರೆ ವರ್ಷ ಇರುವಾಗಲೇ ಹೊರಟ ಪಾಲಕರು! ನಾನು ಮೂರನೇ ಹೋಳಿಗೆಗೆ ಕೈ ಚಾಚುತ್ತ ಹೂಂ ಎಂದೆ. ನಮ್ಮಲ್ಲಿ ಮಗಳನ್ನು ಕೊಡುವ ಮೊದಲು ಹಿರಿಯರು ವರನ ಕಡೆಯ ಮನೆ ನೋಡಿ ಬರುವುದುಂಟಲ್ಲ, ಅದನ್ನೇ ಇವರು ಕಾಲೇಜಿಗೆ ಮಾಡಲು ಹೊರಟಿದ್ದಾರೆ, ಅದರಲ್ಲಿ ನಾನು ಎರಡೂ ಕಡೆಯ ಮಾತು ಸಾಗಿಸುವ ನಡುವಿನವಳು ಎಂಬುದು ನನಗೆ ಹೊಳೆಯಲಿಲ್ಲ.

ಹೊಳೆದದ್ದು ಹೋದ ಭಾನುವಾರ, ಕ್ರೂಸರ್ ಗಾಡಿ ನಮ್ಮ ಓಣಿಗೆ ಬಂದಾಗ. ಒಳಗೆ ಆಯಿ, ಬಸಣ್ಣ, ರೇಣುಕಾಳ ಕಾಕಾ. ರೇಣುಕಾ ಇಲ್ಲ. ಓದುವವಳೇ ಅವಳು, ಅವಳೆಲ್ಲಿ ಎಂದು ಕೇಳಿದೆ. ಕಾಕಾ ನನ್ನನ್ನು ವಿಚಿತ್ರವಾಗಿ ನೋಡಿದರು. "ಮನಿ ನೋಡಾಕ ಹುಡುಗಿ ಬರ್ತಾಳೇನ್ರಿ, ಮೇಡಂ?"

ಹಾಸ್ಟೆಲ್‌ನಲ್ಲಿ ಕಾಕಾ ಮೊದಲು ನೀರಿನ ಟಾಕಿ ಹತ್ತಿ ಇಣುಕಿದರು. ಬಸಣ್ಣ ಕಂಪೌಂಡ್ ಗೋಡೆಯ ಸುತ್ತ ಒಂದು ಸುತ್ತು ಬಂದ. ಆಯಿ ನೇರ ಅಡಿಗೆಮನೆಗೆ ಹೋಗಿ ರೊಟ್ಟಿಯ ಅಂಚು ಮುರಿದು ನೋಡಿ, ತಿನ್ನದೆ ಕೆಳಗಿಟ್ಟರು. ವಾರ್ಡನ್ ಸೇಡಂ ಕಡೆಯವರು, ನಗುಮುಖದವರು. ಅವರ ತವರುಮನೆ ಯಾವುದು, ಅಣ್ಣತಮ್ಮಂದಿರೆಷ್ಟು, ಹುಡುಗಿಯರಿಗೆ ಜ್ವರ ಬಂದರೆ ಹತ್ತಿರ ಮಲಗುವವರು ಯಾರು ಎಂದು ಆಯಿ ವಿಚಾರಿಸಿದರು. ಫಲಿತಾಂಶ, ಪ್ರಯೋಗಾಲಯ, ಗ್ರಂಥಾಲಯ ಎಂದು ನಾನು ಬರೆದುಕೊಂಡು ಹೋಗಿದ್ದ ಪ್ರಶ್ನೆಗಳನ್ನು ಕೇಳಲು ಸಂದಿಯೇ ಸಿಗಲಿಲ್ಲ. ಕೊನೆಗೆ ವಾರ್ಡನ್ ಎಲ್ಲರಿಗೂ ಚಹಾ ತರಿಸಿದರು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಕುಡಿದೆ. ಬಿಸ್ಕೀಟನ್ನೂ ಅದ್ದಿಕೊಂಡು ತಿಂದೆ. ಕಪ್ಪು ಕೆಳಗಿಟ್ಟು ನೋಡುತ್ತೇನೆ, ಉಳಿದ ಮೂರು ಕಪ್ಪುಗಳೂ ಕೆನೆಗಟ್ಟುತ್ತ ಕೂತಿವೆ. ಮೂವರೂ ನನ್ನನ್ನೇ ನೋಡುತ್ತಿದ್ದಾರೆ.

ವಾಪಸು ಬರುತ್ತ ಭೀಮಾ ಸೇತುವೆ ದಾಟುವಾಗ ಕಾಕಾ ಹೊರಗೆ ನೋಡುತ್ತಲೇ, "ಮೇಡಂ ಅವ್ರು ಚಾ ಕುಡದುಬಿಟ್ರಲ್ಲ" ಎಂದರು. ದಣಿದಿದ್ದರು, ಕುಡಿಯಲಿ ಬಿಡು ಎಂದು ಬಸಣ್ಣ ತಗ್ಗಿದ ದನಿಯಲ್ಲಿ ಹೇಳಿದ. ಆಯಿ ಕಣ್ಣು ಮುಚ್ಚಿಕೊಂಡಿದ್ದರು.

ಮರುದಿನ ರೇಣುಕಾ ಬಿಡಿಸಿ ಹೇಳಿದಳು. ಅವರ ಮನೆತನದಲ್ಲಿ ಮನೆ ನೋಡಲು ಹೋದವರು ಹನಿ ನೀರೂ ಮುಟ್ಟುವುದಿಲ್ಲ. ಮುಟ್ಟಿದರೆ ಸಂಬಂಧ ಒಪ್ಪಿದಂತೆ. ನಡುವಿನವರು ಮುಟ್ಟಿದರಂತೂ ಹಿರಿಯರನ್ನು ಕೇಳದೆ ಮಾತು ಕೊಟ್ಟಂತೆ. ನಮ್ಮ ಆಳಂದದ ಕಡೆ ಉಪ್ಪಿಟ್ಟು ತಿಂದು, ಚಹಾ ಕುಡಿದು, ಎಲೆ ಅಡಿಕೆ ಹಾಕಿಕೊಂಡು ಊರಿಗೆ ಬಂದು, ಒಲ್ಲೆವೆಂದು ಹೇಳಿ ಕಳಿಸುತ್ತೇವೆ. ಎರಡು ತಾಲೂಕು ದಾಟುವಷ್ಟರಲ್ಲಿ ಚಹಾದ ಅರ್ಥ ಇಷ್ಟು ಬದಲಾಗುತ್ತದೆಂದು ನನಗೆ ಯಾರು ಹೇಳಬೇಕು?

"ಆಯಿ ಮನ್ಯಾಗ ಯಾರ ಜೋಡೀನೂ ಮಾತಾಡವಲ್ಲಳ್ರಿ" ಎಂದಳು ರೇಣುಕಾ. ಅವಳ ಕಣ್ಣು ತುಂಬಿತ್ತು. "ಒಂದ ತಾಸು ತಡೀಲಿಕ್ಕ ಆಗ್ಲಿಲ್ಲೇನ್ರಿ ನಿಮಗ?"

ಆ ವಾರ ನಾನು ತರಗತಿಯಲ್ಲಿ ಮೂರು ಲೆಕ್ಕ ತಪ್ಪಿದೆ. ರೇಣುಕಾ ಒಂದನ್ನೂ ಎತ್ತಿ ತೋರಿಸಲಿಲ್ಲ. ಅದೇ ಹೆಚ್ಚು ಹೆದರಿಸಿತು. ಸ್ಟಾಫ್ ರೂಮಿನಲ್ಲಿ ಕನ್ನಡದ ಸರ್, ತ್ರಿಕೋನಮಿತಿ ಕಲಿಸುವವರು ಬೀಗಸ್ತನದ ಉಸಾಬರಿಗೆ ಯಾಕೆ ಹೋದಿರಿ ಎಂದು ನಕ್ಕರು. ಡೈರಿಯಲ್ಲಿ ದಿನಕ್ಕೊಂದು ಸಾಲು: ಕೊಳಕೂರಿನಿಂದ ಸುದ್ದಿ ಇಲ್ಲ. ನಿನ್ನೆ ಮಾತ್ರ ರೇಣುಕಾ ಹೋಗುವಾಗ ನಿಂತು, ಆಯಿ ನಿಮ್ಮ ಮನೆ ಎಲ್ಲಿ ಅಂತ ಕೇಳುತ್ತಿದ್ದಳು ಎಂದು ಹೇಳಿ ಹೋದಳು. ಅದಕ್ಕೇ ಈ ಕಿಟಕಿ.

ಇಷ್ಟು ಬರೆಯುವಷ್ಟರಲ್ಲಿ ಹನ್ನೊಂದು ದಾಟಿತ್ತು. ಟಂಟಂ ನಿಂತಿತು. ಮೊದಲು ರೇಣುಕಾ ಇಳಿದಳು, ಅವಳ ಭುಜ ಹಿಡಿದು ಆಯಿ. ಉಳಿದದ್ದನ್ನು ಅವರು ಹೋದ ಮೇಲೆ ಬರೆಯುತ್ತಿದ್ದೇನೆ.

ಆಯಿ ಕುರ್ಚಿ ಬೇಡವೆಂದು ನೆಲದ ಮೇಲೆ ಕೂತರು. ನಾನೂ ಕೂತೆ. ಪೀಠಿಕೆ ಏನೂ ಇಲ್ಲ. "ಹಸದು ಕುಡದ್ಯೋ, ತಿಳದು ಕುಡದ್ಯೋ, ತಂಗಿ?"

ಹುಡುಗಿಯ ಒಳ್ಳೆಯದಕ್ಕೆ ತಿಳಿದೇ ಕುಡಿದೆ ಎನ್ನಬಹುದಿತ್ತು. ಹಾಗೆ ಹೇಳಿದರೆ ನಾನು ದಿಟ್ಟೆ ಎನಿಸುತ್ತಿದ್ದೆ. ಬಾಯಿಗೆ ಬಂದದ್ದು ಮಾತ್ರ, "ಹಸದು ಕುಡದೆ, ಆಯಿ." ರೇಣುಕಾ ಗೋಡೆಯ ಕಡೆ ಮುಖ ತಿರುಗಿಸಿದಳು.

"ತಿಳದು ಅಂದಿದ್ರ ಎದ್ದು ಹೋಗಾಕಿದ್ದೆ" ಎಂದರು ಆಯಿ. "ಹಸದಾಕಿಗಿ ಏನನ್ಲಿ. ಆದ್ರ ಮಾತು ಹೋಗೇದ. ನಮ್ಮ ಮನಿತನದಾಗ ಹೋದ ಮಾತು ಹಿಂದ ತಗೊಂಡಿಲ್ಲ."

ಹಾಸ್ಟೆಲ್ಲು ತಮಗೆ ಪೂರಾ ಮನಸ್ಸಿಗೆ ಬಂದಿಲ್ಲ ಎಂದರು. ರೊಟ್ಟಿ ದಪ್ಪ, ಗೋಡೆ ಗಿಡ್ಡ. ವಾರ್ಡನ್ ಒಳ್ಳೆಯವಳು, ಆದರೆ ಐವತ್ತು ಹುಡುಗಿಯರಿಗೆ ಒಬ್ಬಳೇ ತಾಯಿ. ಎಲ್ಲಕ್ಕಿಂತ ಆ ಊರಲ್ಲಿ ತಮ್ಮವರೆನ್ನುವವರು ಇಲ್ಲ. ಆದ್ದರಿಂದ, ಮಾತು ಕೊಟ್ಟವಳೇ ತಮ್ಮವಳಾಗಬೇಕು. ಇವತ್ತಿನಿಂದ ನಾನು ಬಸಣ್ಣನ ತಂಗಿ, ರೇಣುಕಾಳ ಅತ್ತೆ. ಹುಡುಗಿ ಅಲ್ಲಿ ಇರುವ ಮೂರು ವರ್ಷ ತಿಂಗಳಿಗೊಮ್ಮೆ ನಾನು ಹೋಗಿ ಕಂಡು ಬರಬೇಕು. ಒಪ್ಪಿದರೆ ಡಿಗ್ರಿ, ಇಲ್ಲದಿದ್ದರೆ ಇಲ್ಲ.

ನಾನು ಹೆದರಿದೆ. ನನ್ನ ಕೆಲಸ ಮಾರ್ಚ್‌ಗೆ ಮುಗಿಯುತ್ತದೆ, ಮುಂದಿನ ವರ್ಷ ಯಾವ ಊರಿನಲ್ಲಿ ಇರುತ್ತೇನೋ ನನಗೇ ಗೊತ್ತಿಲ್ಲ ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಸೊಲ್ಲಾಪುರದ ಕಡೆಯ ಶಾಲೆಯೊಂದಕ್ಕೆ ಅರ್ಜಿ ಹಾಕಿರುವುದನ್ನೂ ಹೇಳಿದೆ.

ಆಯಿ ಬೆರಳು ಮಡಚಿ ಎಣಿಸಿದರು. "ನಮ್ಮ ಹುಡುಗೀದು ನಾಕು ವರ್ಷದ ಮಾತು ಹೇಳ್ತಿ. ನಿಂದು ಮಾರ್ಚ್ ತನಕ ಅಷ್ಟೇ ಏನು, ಯವ್ವಾ?"

ರೇಣುಕಾ ಗೋಡೆಯಿಂದ ಮುಖ ತಿರುಗಿಸಿ ನನ್ನನ್ನು ನೋಡುತ್ತಿದ್ದಳು, ಬೋರ್ಡಿನ ಮೇಲೆ ನಾನು ಮುಂದಿನ ಹೆಜ್ಜೆ ಏನು ಬರೆಯುತ್ತೇನೆಂದು ಕಾಯುವ ಹಾಗೆ. ಎಲ್ಲಿದ್ದರೂ ಕಲಬುರಗಿಗೆ ಬಂದು ಹೋಗುವಷ್ಟು ದೂರದಲ್ಲೇ ಇರುತ್ತೇನೆ ಎಂದೆ. ಹೇಳಿದ ಮೇಲೆ ಅದು ನಿಜವಾಗಬೇಕಾಗುತ್ತದೆ ಎಂಬುದು ಗೊತ್ತಾಯಿತು. ಒಂದು ಊರಿನ ಸುತ್ತ ನಾನು ನನಗಾಗಿ ಎಳೆದುಕೊಂಡ ಮೊದಲ ಗೆರೆ ಇದು. ಆ ಧೈರ್ಯದಲ್ಲೇ ಇನ್ನೊಂದು ಮಾತೂ ಬಂತು. "ಅತ್ತಿ ಅಂದ ಮ್ಯಾಲ ನಂದೂ ಒಂದು ಮಾತು ನಡೀಬೇಕು, ಆಯಿ. ರೇಣುಕಾ ತಾನ ಹೋಗಿ ಕಾಲೇಜು ನೋಡಬೇಕು. ಆಕಿಗೆ ಮನಸ್ಸಿಗೆ ಬರಲಿಲ್ಲಂದ್ರ ಬ್ಯಾರೆ ನೋಡೋಣು."

"ಅತ್ತಿ ಆಗಿ ಒಂದ ತಾಸು ಆಗಿಲ್ಲ, ದರ್ಬಾರ್ ಶುರು ಮಾಡಿದಳು ನೋಡು" ಎಂದು ಆಯಿ ಮೊಮ್ಮಗಳಿಗೆ ಹೇಳಿದರು. ಬೇಡ ಎನ್ನಲಿಲ್ಲ. ಪರೀಕ್ಷೆ ಮುಗಿದ ಮೇಲಿನ ಮೊದಲ ರಜೆಯ ದಿನ ನಾವಿಬ್ಬರೂ ಹೋಗುವುದೆಂದು ನಿಶ್ಚಯವಾಯಿತು. ಪ್ರಯೋಗಾಲಯದ ಒಳಗೆ ಬಿಡುತ್ತಾರೇನ್ರಿ ಎಂಬುದೊಂದೇ ರೇಣುಕಾ ಕೇಳಿದ ಪ್ರಶ್ನೆ. ಬಿಡದಿದ್ದರೆ ಅತ್ತೆ ಜಗಳ ಮಾಡುತ್ತಾಳೆ ಎಂದೆ.

ಈಗ ಮಧ್ಯಾಹ್ನ ಎರಡು ಹತ್ತು. ಅವರು ಹೋಗಿ ಬಹಳ ಹೊತ್ತಾಯಿತು, ನಾನು ಮಾತ್ರ ಇನ್ನೂ ಒಂದು ಕಡೆ ಕೂರಲಾರದೆ ಓಡಾಡುತ್ತಿದ್ದೇನೆ. ಮಕ್ಕಳಿಗೆ ದಾರಿ ತೋರಿಸುವುದೆಂದರೆ ಕೈಕಂಬದ ಹಾಗೆ ನಿಂತಲ್ಲೇ ನಿಂತು ಬೆರಳು ತೋರಿಸುವುದೆಂದು ತಿಳಿದಿದ್ದೆ. ಜೊತೆಗೆ ಒಂದಷ್ಟು ದೂರ ನಡೆಯಬೇಕಾಗುತ್ತದೆಂದು ಬಿಎಡ್‌ನಲ್ಲಿ ಯಾರೂ ಹೇಳಿಕೊಡಲಿಲ್ಲ. ಹಾಗಾಗಿ ಒಂದು ವಿನಂತಿ. ಹಾಸ್ಟೆಲ್ ಹುಡುಗಿಗೆ ಅತ್ತೆಯಾಗಿಯೋ ಮಾವನಾಗಿಯೋ ನಿಂತ ಅನುಭವ ನಿಮ್ಮಲ್ಲಿ ಯಾರಿಗಾದರೂ ಇದ್ದರೆ, ಹೋದಾಗ ಏನು ಒಯ್ಯಬೇಕು, ಏನು ಕೇಳಬೇಕು, ಯಾವುದನ್ನು ಕಂಡೂ ಕಾಣದಂತೆ ಇರಬೇಕು ಎಂಬುದನ್ನು ದಯವಿಟ್ಟು ಬರೆದು ತಿಳಿಸಿ. ಮಾರ್ಚ್‌ನೊಳಗೆ ಬರೆಯುವವರು ನಮ್ಮ ಕಾಲೇಜಿಗೆ ಬರೆಯಿರಿ. ಆಮೇಲಾದರೆ ಕೊಳಕೂರಿನ ಆಯಿಯ ಮನೆಗೆ ಬರೆಯಿರಿ. ನಾನು ಎಲ್ಲಿದ್ದೇನೆಂದು ಅವರಿಗೆ ಗೊತ್ತಿರುತ್ತದೆ.